ತುಲನಾತ್ಮಕ ಪ್ರಬಂಧದ ರಚನಾಕ್ರಮ: ಕಲ್ಯಾಣದ ವಚನ, ಮಾಣಿಕನಗರದ ಪದ

‘ತುಲಾ’ ಎಂದರೆ ತಕ್ಕಡಿ. ತುಲನೆ, ತೌಲನಿಕ ಎಂಬ ಶಬ್ದಗಳು ಆ ಮೂಲದಿಂದಲೇ ಬಂದವು. ತಕ್ಕಡಿಗೆ ಎರಡು ತಟ್ಟೆಗಳಿದ್ದರೆ ಸಾಲದು. ನಡುವೆ ಒಂದು ಮುಳ್ಳು ಇರಬೇಕು, ಆ ಮುಳ್ಳು ಯಾವ ಕಡೆಗೂ ಮೊದಲೇ ವಾಲಿರಬಾರದು. ಪ್ರೌಢಶಾಲೆಯ ವಿದ್ಯಾರ್ಥಿಗಳು ಇಬ್ಬರು ಕವಿಗಳನ್ನು ಕುರಿತು ಬರೆಯುವ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಎರಡು ತಟ್ಟೆಗಳು ಕಾಣುತ್ತವೆ, ಮುಳ್ಳು ಕಾಣುವುದಿಲ್ಲ. ಮೊದಲ ಪುಟದಲ್ಲಿ ಒಬ್ಬರ ಜನನ, ತಂದೆತಾಯಿ, ಕೃತಿ. ಎರಡನೆಯ ಪುಟದಲ್ಲಿ ಇನ್ನೊಬ್ಬರ ಜನನ, ತಂದೆತಾಯಿ, ಕೃತಿ. ಕೊನೆಗೆ ಇಬ್ಬರೂ ಮಹಾನುಭಾವರು ಎಂಬ ಮಂಗಳವಾಕ್ಯ. ಇದು ಎರಡು ಚರಿತ್ರೆಗಳ ಜೋಡಣೆಯೇ ಹೊರತು ತುಲನೆಯಲ್ಲ.

ಕನ್ನಡಿಗರಿಗೆ ತುಲನೆ ಹೊಸ ವಿದ್ಯೆಯೂ ಅಲ್ಲ, ಪರದೇಶದಿಂದ ಬಂದ ವಿದ್ಯೆಯೂ ಅಲ್ಲ. ಸುಮಾರು ಕ್ರಿ.ಶ. 850ರಲ್ಲಿ ಮಾನ್ಯಖೇಟದ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ದಂಡಿಯ ಕಾವ್ಯಾದರ್ಶವನ್ನು ಮುಂದಿರಿಸಿಕೊಂಡು, ಸಂಸ್ಕೃತದ ಅಳತೆಯಲ್ಲಿ ಯಾವುದು ಕನ್ನಡಕ್ಕೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಕವಿರಾಜಮಾರ್ಗದಲ್ಲಿ ತೂಗಿ ನೋಡಿದನು. ಜರ್ಮನಿಯ ಗಯಟೆ 1827ರಲ್ಲಿ ವಿಶ್ವಸಾಹಿತ್ಯದ ಮಾತನ್ನಾಡಿದ್ದು, ರವೀಂದ್ರರು 1907ರಲ್ಲಿ ಅದೇ ವಿಷಯವನ್ನು ಕುರಿತು ಬಂಗಾಳಿಯಲ್ಲಿ ಚಿಂತಿಸಿದ್ದು, 1956ರಲ್ಲಿ ಜಾದವಪುರ ವಿಶ್ವವಿದ್ಯಾಲಯದಲ್ಲಿ ತೌಲನಿಕ ಸಾಹಿತ್ಯಕ್ಕೆಂದೇ ವಿಭಾಗ ತೆರೆದದ್ದು, ಇವೆಲ್ಲ ಅನಂತರದ ಮಾತು. ಮಾನ್ಯಖೇಟವೆಂದರೆ ಇಂದಿನ ಮಳಖೇಡ. ಕಲಬುರಗಿ ಜಿಲ್ಲೆಯ ಊರು. ಈ ಸೀಮೆಯ ಬಾಲಕನಿಗೆ ತುಲನೆಯು ಪಿತ್ರಾರ್ಜಿತವೆಂದರೆ ಅತಿಶಯೋಕ್ತಿಯಾಗದು.

ಉಪಮೆಯ ಪಾಠ

ಪ್ರಬಂಧದ ಯೋಜನೆಗೆ ಅಲಂಕಾರಶಾಸ್ತ್ರದ ಮೊದಲ ಪಾಠವೇ ದಾರಿ ತೋರಿಸುತ್ತದೆ. ಉಪಮೆಗೆ ನಾಲ್ಕು ಅಂಗಗಳು: ಉಪಮೇಯ, ಉಪಮಾನ, ಸಾಧಾರಣ ಧರ್ಮ, ಉಪಮಾವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ. ಒಂದು ಕುಂದಿದರೂ ಲುಪ್ತೋಪಮೆ. ವಿದ್ಯಾರ್ಥಿಯ ಪ್ರಬಂಧದಲ್ಲಿ ಲೋಪವಾಗುವುದು ಸಾಧಾರಣ ಧರ್ಮವೇ. ಯಾವ ವಿಷಯದಲ್ಲಿ ಈ ಇಬ್ಬರನ್ನು ಒಟ್ಟಿಗೆ ನೋಡಬೇಕು ಎಂಬ ಪ್ರಶ್ನೆ ಆತನ ಮನಸ್ಸಿನಲ್ಲಿ ಹುಟ್ಟಿಯೇ ಇರುವುದಿಲ್ಲ. ಕಾವ್ಯದಲ್ಲಿ ಈ ಲೋಪ ಸೊಗಸಾಗಬಹುದು, ಪ್ರಬಂಧದಲ್ಲಿ ದೋಷ.

ಆದರೆ ಉಪಮೆಗೂ ಪ್ರಬಂಧಕ್ಕೂ ಒಂದು ಭೇದವಿದೆ. ಮುಖವನ್ನು ಚಂದ್ರನಿಗೆ ಹೋಲಿಸಿದಾಗ ಚಂದ್ರನೇ ಹೆಚ್ಚೆಂಬುದು ಮೊದಲೇ ನಿಶ್ಚಿತ. ಪ್ರಬಂಧದಲ್ಲಿ ಯಾರೂ ಉಪಮಾನವಲ್ಲ, ಯಾರೂ ಉಪಮೇಯವಲ್ಲ. ಒಬ್ಬರನ್ನು ಎತ್ತರದಲ್ಲಿಟ್ಟು ಇನ್ನೊಬ್ಬರನ್ನು ಅವರ ಎತ್ತರಕ್ಕೆ ಹಿಡಿದು ಅಳೆದರೆ ಅದು ಸ್ತುತಿಯಾಗುತ್ತದೆ ಅಥವಾ ನಿಂದೆಯಾಗುತ್ತದೆ, ವಿವೇಚನೆಯಾಗುವುದಿಲ್ಲ.

ಕೈಗೆಟಕುವ ಒಂದು ಉದಾಹರಣೆ

ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು ಒಂದು ತಾಸಿನ ಬಸ್ಸಿನ ದಾರಿ. ಈ ದಾರಿಯ ಎರಡು ತುದಿಗಳಲ್ಲಿ ಎರಡು ವಾಙ್ಮಯಗಳಿವೆ. ಒಂದು ತುದಿಯಲ್ಲಿ 12ನೆಯ ಶತಮಾನದ ಬಸವಣ್ಣನವರ ವಚನಗಳು. ಇನ್ನೊಂದು ತುದಿಯಲ್ಲಿ, ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರದಲ್ಲಿ, ಶ್ರೀ ಮಾಣಿಕಪ್ರಭುಗಳ ಪದಗಳು. ಪ್ರಭುಗಳು 1817ರಲ್ಲಿ ಬಸವಕಲ್ಯಾಣಕ್ಕೆ ಸಮೀಪದ ಲಾಡವಂತಿಯಲ್ಲಿ ಜನಿಸಿ, ಬಾಲ್ಯದ ದಿನಗಳನ್ನು ಕಲ್ಯಾಣದಲ್ಲಿ ಕಳೆದು, ಮುಂದೆ ಮಾಣಿಕನಗರದಲ್ಲಿ ನೆಲೆಸಿ, 1865ರಲ್ಲಿ ಸಮಾಧಿಸ್ಥರಾದರು. ಸಕಲಮತ ಸಂಪ್ರದಾಯದ ಪ್ರವರ್ತಕರಾದ ಅವರು ಕನ್ನಡ, ಮರಾಠಿ, ಹಿಂದಿ, ಸಂಸ್ಕೃತಗಳಲ್ಲಿ ಪದಗಳನ್ನು ರಚಿಸಿದರು. ಬಿಜ್ಜಳನ ಆಳ್ವಿಕೆ ಮುಗಿದು ಶರಣರು ಕಲ್ಯಾಣದಿಂದ ಚದುರಿದ 1167ರಿಂದ ಪ್ರಭುಗಳು ಜನಿಸಿದ 1817ರವರೆಗೆ 650 ವರ್ಷಗಳ ಅಂತರ. ಆ ನಡುವೆ ಬಹಮನಿ, ಬರೀದಶಾಹಿ, ಆದಿಲಶಾಹಿ, ಮೊಗಲ, ಅಸಫಜಾಹಿ ಅರಸೊತ್ತಿಗೆಗಳು ಈ ಸೀಮೆಯ ಮೇಲೆ ಬಂದುಹೋದವು.

ಇಬ್ಬರ ಕುರಿತು ಪ್ರಬಂಧ ಬರೆಯಬೇಕಾದ ವಿದ್ಯಾರ್ಥಿಗೆ ಮೊದಲು ಬೇಕಾದುದು ಒಂದೇ ಪ್ರಶ್ನೆ. ಭಕ್ತಿ, ಸಮಾನತೆ, ದಯೆ ಮುಂತಾದ ಹಿಗ್ಗಿದ ಮಾತುಗಳು ಪ್ರಶ್ನೆಗಳಲ್ಲ. ಅವು ಯಾವ ಸಂತರಿಗೂ ಸಲ್ಲುವಂಥವು. ಪ್ರಶ್ನೆ ಇಷ್ಟು ಖಚಿತವಾಗಿರಲಿ: ಬಸವಣ್ಣನವರು ಒಂದೇ ಭಾಷೆಯನ್ನು ಹಿಡಿದದ್ದೇಕೆ, ಮಾಣಿಕಪ್ರಭುಗಳು ಹಲವು ಭಾಷೆಗಳನ್ನು ಹಿಡಿದದ್ದೇಕೆ?

ಈ ಪ್ರಶ್ನೆ ಹಿಡಿದು ನಡೆದರೆ ಸಂಗತಿಗಳು ತಾವಾಗಿ ಕೂಡಿಕೊಳ್ಳುತ್ತವೆ. ಬಸವಣ್ಣನವರಿಗಿಂತ ಮೊದಲು ಕಲ್ಯಾಣವು ಚಾಲುಕ್ಯರ ರಾಜಧಾನಿ; ಸಂಸ್ಕೃತ ಪಾಂಡಿತ್ಯದ ತವರು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನ ಮಿತಾಕ್ಷರಾ, ಬಿಲ್ಹಣನ ವಿಕ್ರಮಾಂಕದೇವಚರಿತ ಇಲ್ಲಿಯೇ ಹುಟ್ಟಿದವು. ಅಂಥ ನಗರದಲ್ಲಿ ಅರಸನ ಭಂಡಾರಿಯಾಗಿದ್ದವರು ಅರಮನೆಯ ಪಂಡಿತಭಾಷೆಯನ್ನು ಬಿಟ್ಟು, ಕಾಯಕದವರ ಆಡುಮಾತಿನಲ್ಲಿ ಅನುಭಾವವನ್ನು ನುಡಿದರು. ಶಾಸ್ತ್ರವು ಯಾರಿಗೆ ಮುಚ್ಚಿತ್ತೋ ಅವರಿಗೆ ಬಾಗಿಲು ತೆರೆಯುವುದಕ್ಕೆ ಒಂದೇ ಬೀಗದ ಕೈ ಸಾಕಾಗಿತ್ತು, ಅದು ಕನ್ನಡ.

ಪ್ರಭುಗಳ ಕಾಲದ ಹುಮನಾಬಾದಾದರೋ ನಿಜಾಮರ ಸೀಮೆ. ಆಡಳಿತದಲ್ಲಿ ಪಾರಸಿ, ಪೇಟೆಯಲ್ಲಿ ದಖನಿ, ಮನೆಮನೆಗಳಲ್ಲಿ ಕನ್ನಡ, ಮರಾಠಿ, ತೆಲುಗು. ಸನ್ನಿಧಿಗೆ ಬರುತ್ತಿದ್ದ ಭಕ್ತರಲ್ಲಿ ಹಿಂದುಗಳೂ ಮುಸಲ್ಮಾನರೂ ಇದ್ದರು. ಇಲ್ಲಿ ಒಂದೇ ಬೀಗದ ಕೈ ಹಿಡಿದಿದ್ದರೆ ಒಂದು ಮನೆಯ ಬಾಗಿಲು ಮಾತ್ರ ತೆರೆಯುತ್ತಿತ್ತು. ಆದುದರಿಂದ ಉದ್ದೇಶ ಒಂದೇ, ಕೇಳುಗನನ್ನು ಆತನ ಮಾತಿನಲ್ಲಿಯೇ ಮುಟ್ಟುವುದು. ಉಪಾಯ ಮಾತ್ರ ವಿರುದ್ಧ. ಆ ವೈರುಧ್ಯಕ್ಕೆ ಕಾರಣ ವ್ಯಕ್ತಿಗಳ ಸ್ವಭಾವಕ್ಕಿಂತ ಕಾಲದ ಪರಿಸ್ಥಿತಿಯಲ್ಲಿದೆ. ಸಾಮ್ಯ, ವೈಷಮ್ಯ, ಕಾರಣ ಎಂಬ ಈ ಮೂರು ಮೆಟ್ಟಿಲುಗಳನ್ನು ಹತ್ತಿದಾಗ ತುಲನೆ ಪೂರ್ಣವಾಗುತ್ತದೆ.

ಅಂಕಿತದ ಸೂಕ್ಷ್ಮ

ಕಾರಣವನ್ನು ಹುಡುಕದೆ ವೈಷಮ್ಯವನ್ನಷ್ಟೇ ಹೇಳಿದರೆ ಎಂಥ ಅಪಾರ್ಥವಾದೀತೆಂಬುದಕ್ಕೆ ಅಂಕಿತವೇ ನಿದರ್ಶನ. ಬಸವಣ್ಣನವರ ವಚನ ಕೂಡಲಸಂಗಮದೇವ ಎಂದು ಮುಗಿಯುತ್ತದೆ. ಅಲ್ಲಿ ಕರ್ತೃವಿನ ಹೆಸರಿಲ್ಲ. ಪ್ರಭುಗಳ ಪದದಲ್ಲಿ ಮಾಣಿಕ ಎಂಬ ಸ್ವನಾಮವೇ ಬರುತ್ತದೆ. ಅವಸರದ ವಿದ್ಯಾರ್ಥಿಯು, ಒಬ್ಬರು ತಮ್ಮ ಹೆಸರನ್ನು ಮರೆಸಿದರು, ಇನ್ನೊಬ್ಬರು ಮೆರೆಸಿದರು ಎಂದು ಬರೆದುಬಿಟ್ಟಾನು. ಅದು ಸಲ್ಲದು. ಕನ್ನಡದಲ್ಲಿ ಶರಣರೂ ಹರಿದಾಸರೂ ಇಷ್ಟದೈವದ ಹೆಸರಿನಲ್ಲಿ ಅಂಕಿತವಿಟ್ಟರು: ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಪುರಂದರದಾಸರಿಗೆ ಪುರಂದರವಿಠಲ. ಮರಾಠಿಯಲ್ಲಿ ನಾಮದೇವ, ತುಕಾರಾಮರೂ ಹಿಂದಿಯಲ್ಲಿ ಕಬೀರನೂ ತಮ್ಮ ಹೆಸರನ್ನೇ ಇಟ್ಟರು. ಅಲ್ಲಿ ಸ್ವನಾಮವೆಂಬುದು ದೈವದ ಮುಂದೆ ನಿಂತ ದಾಸನ ಸಹಿ. ಎರಡು ಸಂಪ್ರದಾಯಗಳ ಪದ್ಧತಿ ತಿಳಿದವನಿಗೆ ಮಾತ್ರ ಎರಡು ಅಂಕಿತಗಳ ವಿನಯವೂ ಒಂದೇ ಎಂಬುದು ಹೊಳೆಯುತ್ತದೆ.

ರೂಪದ ವಿಷಯವೂ ಹೀಗೆಯೇ. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಪದಕ್ಕೆ ಪಲ್ಲವಿ, ಚರಣ, ರಾಗ, ತಾಳಗಳ ಕಟ್ಟುಂಟು. ವಚನವು ಸಂವಾದದ ಮಾತು, ಪದವು ಸಭೆ ಕೂಡಿ ಹಾಡುವ ಮಾತು. ಅನುಭವ ಮಂಟಪದ ಗೋಷ್ಠಿಯನ್ನೂ ಮಾಣಿಕನಗರದ ಭಜನೆಯನ್ನೂ ನೆನೆದರೆ ಈ ರೂಪಭೇದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಮರೆಮಾಚಬಾರದ ಭೇದ

ಎಲ್ಲ ಭೇದಗಳೂ ಹೀಗೆ ಸಮನ್ವಯವಾಗುತ್ತವೆಂದು ಭಾವಿಸಲಾಗದು. ದೇಹವನ್ನೇ ದೇಗುಲವೆಂದು ಕಂಡ ಬಸವಣ್ಣನವರು ಸ್ಥಾವರವನ್ನು ನಿರಾಕರಿಸಿದರು. ಮಾಣಿಕಪ್ರಭುಗಳು ದತ್ತೋಪಾಸನೆ, ಉತ್ಸವ, ದರ್ಬಾರುಗಳ ನಡುವೆ ಯಾವ ಮತವನ್ನೂ ತಳ್ಳದೆ ಎಲ್ಲವನ್ನೂ ಒಳಗೊಂಡರು. ಒಬ್ಬರದು ಬೇಡವಾದುದನ್ನು ಕಳೆಯುವ ದಾರಿ. ಇನ್ನೊಬ್ಬರದು ಇರುವುದನ್ನೆಲ್ಲ ಕೂಡಿಸುವ ದಾರಿ. ಇದು ನಿಜವಾದ ಭೇದ. ಎಲ್ಲರೂ ಹೇಳಿದ್ದು ಒಂದೇ ಎಂಬ ಸುಲಭವಾಕ್ಯದಿಂದ ಇದನ್ನು ಮುಚ್ಚಿದರೆ ಇಬ್ಬರಿಗೂ ಅನ್ಯಾಯ. ಒಬ್ಬರ ಅಳತೆಗೋಲಿನಿಂದ ಇನ್ನೊಬ್ಬರನ್ನು ಹೊಡೆದರೂ ಅನ್ಯಾಯವೇ. ಭೇದವನ್ನು ಸ್ಪಷ್ಟವಾಗಿ ಹೇಳಿ, ಗೌರವದಿಂದ ನಿಲ್ಲುವುದನ್ನು ವಿದ್ಯಾರ್ಥಿ ಕಲಿಯಬೇಕು.

ಮಠದ ಆಶ್ರಯದಲ್ಲಿ ನಡೆಯುವ ಶಾಲೆಗಳ ಉಪಾಧ್ಯಾಯರು ಇಲ್ಲಿ ವಿಶೇಷವಾಗಿ ಎಚ್ಚರವಹಿಸುವುದು ಉಚಿತ. ಬಸವಣ್ಣನವರ ವಚನಗಳು ಅಲ್ಲಿಯ ಮಕ್ಕಳಿಗೆ ಬಾಯಿಪಾಠ. ನಿತ್ಯ ಪ್ರಾರ್ಥನೆಯಲ್ಲಿ ಕೇಳಿದ ನುಡಿ. ಪ್ರಭುಗಳ ಪದಗಳು ಅಷ್ಟು ಪರಿಚಿತವಲ್ಲ. ಪರಿಚಿತವಾದುದು ತಟ್ಟೆಯಲ್ಲಿ ತಾನಾಗಿ ಭಾರವಾಗುತ್ತದೆ. ಇದಕ್ಕೊಂದು ಸರಳ ಪರಿಹಾರವುಂಟು: ಕಡಿಮೆ ತಿಳಿದವರ ಕುರಿತು ಮೊದಲು ಓದಿ, ಮೊದಲು ಟಿಪ್ಪಣಿ ಮಾಡಿಕೊಳ್ಳುವುದು. ಅನಂತರ ಬಲ್ಲ ವಚನಕ್ಕೆ ಹಿಂದಿರುಗಿದಾಗ ಅದೂ ಹೊಸದಾಗಿ ಕಾಣುತ್ತದೆ.

ಪ್ರಭಾವವೋ, ಸಾಮ್ಯವೋ

ಲಾಡವಂತಿಯು ಕಲ್ಯಾಣಕ್ಕೆ ಸಮೀಪ. ಆದುದರಿಂದ ಪದಗಳ ಮೇಲೆ ವಚನಗಳ ಪ್ರಭಾವವಿದೆ ಎಂದು ಬರೆಯುವ ಮೋಹ ಸಹಜ. ಊರು ಸಮೀಪವಿದ್ದುದು ಪ್ರಮಾಣವಲ್ಲ. ಬಿ.ಎಂ.ಶ್ರೀ.ಯವರ ‘ಅಶ್ವತ್ಥಾಮನ್’ (1929) ಗ್ರೀಕ್ ಕವಿ ಸೋಫೋಕ್ಲಿಸನ ಏಜಾಕ್ಸ್ ನಾಟಕವನ್ನು ಆಧರಿಸಿದುದು. ಅಲ್ಲಿ ಋಣ ಸಿದ್ಧವಾಗಿದೆ. ಅಂಥ ಆಧಾರವಿಲ್ಲದೆಡೆಯಲ್ಲಿ ಸಾಮ್ಯ ಎಂಬ ಮಾತೇ ಸಾಕು. ಆಧಾರಕ್ಕಿಂತ ದೊಡ್ಡ ಮಾತನ್ನಾಡದಿರುವುದೇ ವಿದ್ಯೆಯ ಮೊದಲ ಶೀಲ.

ಪಾಠದ ವಿಚಾರದಲ್ಲಿಯೂ ಜಾಗರೂಕತೆ ಬೇಕು. ಡಾ. ಫ.ಗು. ಹಳಕಟ್ಟಿಯವರು (1880–1964) ಓಲೆಗರಿಗಳನ್ನು ಅರಸಿ ವಚನಗಳನ್ನು ಬೆಳಕಿಗೆ ತಂದ ಮೇಲೆ, 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು 15 ಸಂಪುಟಗಳಾಗಿ ಪ್ರಕಟವಾದವು. ಉದ್ಧರಿಸುವ ವಚನವನ್ನು ಅಚ್ಚಾದ ಸಂಪುಟದೊಡನೆ ಹೋಲಿಸಿ ನೋಡಿಯೇ ಬರೆಯತಕ್ಕದ್ದು. ಮರಾಠಿ ಪದವಾದರೆ ಮೂಲದ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಅರ್ಥ ಕೊಡುವುದು ಮೇಲು. ಅನುವಾದದಲ್ಲಿ ಪ್ರಾಸ, ಲಯಗಳು ಉಳಿಯುವುದಿಲ್ಲವೆಂಬ ಒಂದು ಮಾತನ್ನೂ ಸೇರಿಸಬೇಕು.

ಬರೆಯುವ ಕ್ರಮ

ಒಂದು ಹಾಳೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಎಡಕ್ಕೆ ವಚನ, ಬಲಕ್ಕೆ ಪದ ಎಂದು ಬರೆದು, ಕೇಳುಗರು, ಭಾಷೆ, ರೂಪ, ಅಂಕಿತ, ದೈವದ ನೆಲೆ ಎಂಬ ಐದು ಅಂಶಗಳನ್ನು ಅಡ್ಡಸಾಲಿನಲ್ಲಿಡುವುದು. ಒಂದು ಕಡೆ ತುಂಬಿ ಇನ್ನೊಂದು ಕಡೆ ಬರಿದಾಗಿದ್ದರೆ, ಅಲ್ಲಿ ಇನ್ನೂ ಓದಬೇಕೆಂದು ಅರ್ಥ. ಬಳಿಕ ಕಂಡಿಕೆಗಳನ್ನು ವ್ಯಕ್ತಿಗೊಂದರಂತೆ ವಿಭಾಗಿಸದೆ ಅಂಶಕ್ಕೊಂದರಂತೆ ವಿಭಾಗಿಸಿದರೆ, ಪ್ರತಿಯೊಂದು ಕಂಡಿಕೆಯಲ್ಲಿಯೂ ಎರಡು ತಟ್ಟೆಗಳು ಇರುತ್ತವೆ. ಮೊದಲ ಕಂಡಿಕೆಯಲ್ಲಿ ಪ್ರಶ್ನೆ. ನಡುವೆ ಐದು ಅಂಶಗಳು. ಕೊನೆಯಲ್ಲಿ ಆ ಪ್ರಶ್ನೆಗೆ ಉತ್ತರ. ಜೀವನಚರಿತ್ರೆಗೆ ಎರಡು ವಾಕ್ಯಗಳು ಸಾಕು.

ಈ ಶ್ರಮದಿಂದ ಪರೀಕ್ಷೆಯ ಅಂಕಗಳಿಗಿಂತ ಹೆಚ್ಚಿನದೊಂದು ಸಿದ್ಧಿಸುತ್ತದೆ. ಬೀದರ ಜಿಲ್ಲೆಯ ತರಗತಿಯೆಂದರೆ ಮನೆಯಲ್ಲಿ ಕನ್ನಡವಾಡುವ ಮಗು, ಮರಾಠಿಯಾಡುವ ಮಗು, ಉರ್ದುವಾಡುವ ಮಗು ಒಂದೇ ಸಾಲಿನಲ್ಲಿ ಕುಳಿತ ತರಗತಿ. ಕನ್ನಡ ಪ್ರಬಂಧದಲ್ಲಿ ಕಾಗುಣಿತ ತಪ್ಪಿ ತಲೆ ತಗ್ಗಿಸುವ ಮರಾಠಿ ಮನೆಯ ಬಾಲಕಿ, ಪ್ರಭುಗಳ ಮರಾಠಿ ಪದದ ಅರ್ಥ ಹೇಳುವ ದಿನ ಇಡೀ ತರಗತಿಗೆ ಗುರುವಾಗುತ್ತಾಳೆ. ಆಕೆಗೆ ವಚನದ ಅರ್ಥ ಹೇಳಲು ಕನ್ನಡದ ಗೆಳತಿ ಮುಂದಾಗುತ್ತಾಳೆ. ಹಿರಿಯರ ಬಾಯಲ್ಲಿ ಪದಗಳನ್ನು ಕೇಳಿದ ಹಳೆಯ ವಿದ್ಯಾರ್ಥಿಗಳು ಒಂದು ದಿನ ಶಾಲೆಗೆ ಬಂದು ಹಾಡಿ ತೋರಿಸಿದರೂ, ವಿದ್ಯಾಭಿಮಾನಿಗಳು ವಾಚನಾಲಯಕ್ಕೆ ವಚನದ ಸಂಪುಟದ ಪಕ್ಕದಲ್ಲಿಯೇ ಪದಗಳ ಒಂದು ಸಂಗ್ರಹವನ್ನು ಇರಿಸಿದರೂ ಈ ಕಾರ್ಯ ಅರ್ಧ ನೆರವೇರಿದಂತೆ. ಉಳಿದರ್ಧವು ಮುಳ್ಳನ್ನು ನೆಟ್ಟಗೆ ಹಿಡಿಯುವ ಉಪಾಧ್ಯಾಯರ ಕೈಯಲ್ಲಿದೆ.