ಸೋಂಕು, ಬುದ್ಧಿಶಕ್ತಿ ಮತ್ತು ಜೀನುಗಳ ಸಾಕ್ಷ್ಯ

ಪದೇ ಪದೇ ಸೋಂಕಿಗೆ ತುತ್ತಾದವರ ಬುದ್ಧಿಶಕ್ತಿ ಕುಂಠಿತವಾಗುವುದೆ? ಡೆನ್ಮಾರ್ಕಿನಲ್ಲಿ 2006ರಿಂದ 2012ರವರೆಗೆ ಸೇನಾ ಭರ್ತಿಗಾಗಿ ಬುದ್ಧಿಪರೀಕ್ಷೆಗೆ ಒಳಗಾದ ಒಂದೂವರೆ ಲಕ್ಷಕ್ಕೂ ಹೆಚ್ಚು ಯುವಕರ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶೇಕಡ 35ರಷ್ಟು ಮಂದಿ ಮೊದಲೇ ಸೋಂಕಿನ ನಿಮಿತ್ತ ಆಸ್ಪತ್ರೆಗೆ ಹೋಗಿದ್ದವರು. ಇವರ ಬುದ್ಧಿಸೂಚ್ಯಂಕವು ಉಳಿದವರಿಗಿಂತ ಸರಾಸರಿ 1.76 ಅಂಕಗಳಷ್ಟು ಕಡಿಮೆಯಿತ್ತು. ವ್ಯತ್ಯಾಸ ಅಲ್ಪವೇ ಸರಿ.

ಇಷ್ಟರಿಂದಲೇ ಸೋಂಕನ್ನು ಕಾರಣವೆನ್ನಲಾಗದು. ಬಡತನ, ಅಪೌಷ್ಟಿಕತೆ, ಇಕ್ಕಟ್ಟಾದ ವಸತಿ ಇವು ರೋಗವನ್ನೂ ತರುತ್ತವೆ, ಕಲಿಕೆಯನ್ನೂ ಕುಗ್ಗಿಸುತ್ತವೆ. ಬಡತನದ ತಪ್ಪನ್ನು ಜ್ವರದ ತಲೆಗೆ ಕಟ್ಟಿದರೆ ಪರಿಹಾರವೂ ದಾರಿ ತಪ್ಪುತ್ತದೆ. ಪರೀಕ್ಷಿಸುವ ಸಲುವಾಗಿ ಮಕ್ಕಳಿಗೆ ಬೇಕೆಂದೇ ಸೋಂಕು ತಗುಲಿಸುವುದಂತೂ ಊಹಿಸಲೂ ಆಗದ ಮಾತು.

ಇಲ್ಲಿ ಜೀನುಗಳು ನೆರವಿಗೆ ಬರುತ್ತವೆ. ತಂದೆತಾಯಿಯರ ಯಾವ ಜೀನು ಮಗುವಿಗೆ ಬರಬೇಕೆಂಬುದು ಚೀಟಿ ಎತ್ತಿದಂತೆ ಆಕಸ್ಮಿಕವಾಗಿ ನಿರ್ಧಾರವಾಗುತ್ತದೆ. ಮುಂದೆ ದೊರೆಯುವ ಊಟವಾಗಲಿ ಶಾಲೆಯಾಗಲಿ ಅದನ್ನು ಬದಲಿಸಲಾರದು. ಸೋಂಕಿನ ವೇಳೆ ದೇಹದಲ್ಲಿ ಉರಿಯೂತ ಉಂಟಾಗುತ್ತದೆ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಹೆಚ್ಚಾಗುವಂತೆ ಮಾಡುವ ಜೀನು ಭೇದಗಳಿವೆ. ಅಂಥ ಭೇದವುಳ್ಳವರ ಗ್ರಹಣಶಕ್ತಿಯೂ ಕಡಿಮೆ ಕಂಡುಬಂದರೆ ಉರಿಯೂತದ ಮೇಲಣ ಸಂಶಯ ಬಲಗೊಳ್ಳುತ್ತದೆ. ಕಾಣದಿದ್ದರೆ ಸಂಶಯ ಬೇರೆಡೆ ಹೊರಳುತ್ತದೆ. 'ಮೆಂಡೆಲೀಯ ಯಾದೃಚ್ಛೀಕರಣ' ಎಂಬ ಈ ವಿಧಾನದ ಹೆಸರು ಕ್ಲಿಷ್ಟ, ತತ್ತ್ವ ಸರಳ. ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನು ಹೃದ್ರೋಗಿಗಳ ರಕ್ತದಲ್ಲಿ ಹೆಚ್ಚಿದ್ದರೂ ಅದು ಆ ರೋಗಕ್ಕೆ ಕಾರಣವಲ್ಲವೆಂಬುದು ಇದೇ ವಿಧಾನದಿಂದ ಸ್ಪಷ್ಟವಾಯಿತು.

ವಿಧಾನಕ್ಕೆ ಮಿತಿಗಳೂ ಉಂಟು. ಒಂದೇ ಜೀನು ಹಲವು ಕೆಲಸಗಳನ್ನು ಮಾಡಬಹುದು. ಫಲಿತಾಂಶ ಜನಸಮೂಹಕ್ಕೆ ಅನ್ವಯಿಸುತ್ತದೆಯೇ ಹೊರತು, ಒಂದು ಮಗುವಿನ ಬುದ್ಧಿಯನ್ನು ಅದರಿಂದ ಅಳೆಯಲಾಗದು. ಇಂಥ ಅಧ್ಯಯನಗಳಿಗೆ ಬಹುವಾಗಿ ಬಳಕೆಯಾಗುವ 'ಯು.ಕೆ. ಬಯೋಬ್ಯಾಂಕ್' 2006-2010ರ ಅವಧಿಯಲ್ಲಿ 40ರಿಂದ 69 ವರ್ಷದ ಸುಮಾರು 5 ಲಕ್ಷ ಜನರನ್ನು ಸೇರಿಸಿಕೊಂಡಿತು. ಸ್ವಯಂ ಇಚ್ಛೆಯಿಂದ ಬಂದ ಇವರು ಸಾಮಾನ್ಯ ಜನರಿಗಿಂತ ಆರೋಗ್ಯವಂತರು; ಬಹುಪಾಲು ಯೂರೋಪಿಯನ್ ಮೂಲದವರು. ಅವರಲ್ಲಿ ಕಂಡದ್ದು ಭಾರತೀಯರಿಗೂ ಹೊಂದಬೇಕೆಂದಿಲ್ಲ.

ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ 'ಜೀನೋಮ್ ಇಂಡಿಯಾ' ಯೋಜನೆಯಲ್ಲಿ 10,000 ಭಾರತೀಯರ ಜೀನೋಮ್ ಮಾಹಿತಿ ಸಿದ್ಧವಾಗಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಇದರ ಸಮನ್ವಯ ವಹಿಸಿತ್ತು. ಆದರೆ ಒಂದೆರಡು ಅಂಕಗಳ ಸೂಕ್ಷ್ಮ ವ್ಯತ್ಯಾಸವನ್ನು ಜೀನುಗಳ ಮೂಲಕ ಗುರುತಿಸಲು ಸಾವಿರಗಳು ಸಾಲವು; ಲಕ್ಷಗಳು ಬೇಕು.