ಅಪ್ಪನ ಹೆಸರಿನ ಸಾಲ, ಮಗನ ಕೈಗೆ ನೋಟಿಸು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು. ಹದಿನೈದು, ಇಪ್ಪತ್ತು ವರ್ಷಗಳ ಹಿಂದೆ ಸರ್ಕಾರಿ ಯೋಜನೆಯಲ್ಲಿ ಬೋರ್‌ವೆಲ್‌ಗೋ ಮನೆಗೋ ಆಟೊಗೋ ಸಿಕ್ಕ ಸಾಲ. ಮನೆಯವರು ಮರೆತೇ ಬಿಟ್ಟಿದ್ದಾಗ ಬಂದ ನೋಟಿಸು. ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಅಪ್ಪ 2003ರಲ್ಲಿ ಗಂಗಾ ಕಲ್ಯಾಣ ಯೋಜನೆಯಲ್ಲಿ ಬೋರ್‌ವೆಲ್ ಹಾಕಿಸಿಕೊಂಡಿದ್ದರು. ಎರಡು ವರ್ಷ ನೀರು ಬಂತು, ಆಮೇಲೆ ಬತ್ತಿತು. ಅಪ್ಪ 2011ರಲ್ಲಿ ತೀರಿಕೊಂಡರು. ಈಗ ಅಸಲು, ಬಡ್ಡಿ ಸೇರಿ ಒಂದು ಲಕ್ಷಕ್ಕೂ ಮೇಲೆ ಕಟ್ಟಬೇಕೆಂದು ಸಾಲ ಕೊಟ್ಟ ಅಭಿವೃದ್ಧಿ ನಿಗಮದಿಂದ ಅವರ ಹೆಸರಿಗೇ ನೋಟಿಸು ಬಂದಿದೆ. ನಾನು ಬೆಂಗಳೂರಲ್ಲಿ ಸಾಲ ಮಾಡಿ ಕೊಂಡ ಕ್ಯಾಬ್ ಓಡಿಸುತ್ತೇನೆ. ಅವ್ವ ಹೆದರಿ ಊಟ ಬಿಟ್ಟಿದ್ದಾಳೆ. ಹೊಲ ಹೋಗುತ್ತದೆಯೇ? ನನ್ನ ಗಾಡಿಗೂ ಕೈ ಹಾಕುತ್ತಾರೆಯೇ?
– ಕೊಪ್ಪಳ ಜಿಲ್ಲೆಯ ಓದುಗರು

ಉತ್ತರ: ಮೊದಲು ಅವ್ವನಿಗೆ ಫೋನ್ ಮಾಡಿ ಹೇಳಿ: ಸಾಲ ತೀರಿಸಲಾಗದ್ದು ಅಪರಾಧವಲ್ಲ, ಇದರಲ್ಲಿ ಪೊಲೀಸರಿಗೆ ಕೆಲಸವಿಲ್ಲ. ಆಕೆ ಊಟ ಮಾಡಲಿ. ಉಳಿದದ್ದನ್ನು ನಾವು ನಿಧಾನವಾಗಿ ನೋಡೋಣ.

ನಿಮ್ಮ ಗಾಡಿ ನಿಮ್ಮ ದುಡಿಮೆಯದು, ಅಪ್ಪನ ಸಾಲಕ್ಕಾಗಿ ಅದಕ್ಕೆ ಯಾರೂ ಕೈ ಹಾಕುವಂತಿಲ್ಲ. ತೀರಿಹೋದವರ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಿಂದೂ ಕಾನೂನಿನ ಹಳೆಯ ನಿಯಮವನ್ನು 2005ರ ಸೆಪ್ಟೆಂಬರ್ 9ರಿಂದ ತೆಗೆದುಹಾಕಲಾಗಿದೆ. ನಿಮ್ಮ ತಂದೆಯ ಸಾಲ ಅದಕ್ಕಿಂತ ಹಿಂದಿನದು, ಹಾಗಾಗಿ ಹಳೆಯ ನಿಯಮವನ್ನು ಯಾರಾದರೂ ಎತ್ತಬಹುದು. ಎತ್ತಿದರೂ ಅದು ಪಿತ್ರಾರ್ಜಿತ ಆಸ್ತಿಯನ್ನು ದಾಟಿ ನಿಮ್ಮ ಸ್ವಂತ ಗಳಿಕೆಯವರೆಗೆ ಬರುವುದಿಲ್ಲ.

ಹೊಲದ ಮಾತು ಬೇರೆ. ಅದು ಅಪ್ಪನಿಂದ ಬಂದದ್ದು. ಇವತ್ತೇ ಪಹಣಿ ತೆಗೆಸಿ 11ನೇ ಕಾಲಂ ನೋಡಿ. ಅಲ್ಲಿ ನಿಗಮದ ಹೆಸರಲ್ಲಿ ಭೋಜಾ ಕೂತಿದ್ದರೆ, ಜಮೀನನ್ನು ಅಡಮಾನ ಬರೆದುಕೊಟ್ಟಿರುವ ಸಾಧ್ಯತೆ ಇದೆ. ಕಾಲಮಿತಿಯ ಲೆಕ್ಕ ಇಲ್ಲೇ ಬದಲಾಗುತ್ತದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಬರೀ ಕೈಸಾಲದ ದಾವೆಗೆ 3 ವರ್ಷ, ಅಡಮಾನದ ಸಾಲಕ್ಕೆ 12 ವರ್ಷ. ಸರ್ಕಾರವೇ ಹಾಕುವ ದಾವೆಗಾದರೆ 30 ವರ್ಷ. ಆದರೆ ಅಭಿವೃದ್ಧಿ ನಿಗಮಗಳು ಕಂಪನಿ ಕಾಯ್ದೆಯಡಿ ನೋಂದಣಿಯಾದ ಪ್ರತ್ಯೇಕ ಸಂಸ್ಥೆಗಳು. ಸರ್ಕಾರದ 30 ವರ್ಷ ತಮಗೂ ಸಲ್ಲುತ್ತದೆಂದು ಅವು ಹೇಳಿದರೆ ಸುಮ್ಮನೆ ಒಪ್ಪಬೇಡಿ.

‘ನಾವು ಕೋರ್ಟಿಗೆ ಹೋಗುವುದಿಲ್ಲ, ತಹಶೀಲ್ದಾರರ ಮೂಲಕ ಭೂಕಂದಾಯ ಬಾಕಿಯಂತೆ ವಸೂಲಿ ಮಾಡುತ್ತೇವೆ’ ಎಂದೂ ಹೇಳಿಯಾರು. 1979ರ ಕರ್ನಾಟಕ ಸಾರ್ವಜನಿಕ ಹಣ ವಸೂಲಾತಿ ಕಾಯ್ದೆ ಅದಕ್ಕೆ ದಾರಿ ಕೊಟ್ಟಿರುವುದು ನಿಜ. ಆದರೆ ಕಾಲಮಿತಿ ಮುಗಿದ ಸಾಲವನ್ನು ಕಂದಾಯ ವಸೂಲಿಯ ಹಾದಿಯಿಂದಲೂ ಕೇಳುವಂತಿಲ್ಲ ಎಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪು ಕೊಟ್ಟಿದೆ. ಈ ಪ್ರಶ್ನೆಯನ್ನು 2024ರಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ದೊಡ್ಡ ಪೀಠದ ಮುಂದಿಡಲು ಸೂಚಿಸಿತು. ಆದ್ದರಿಂದ ಅದೊಂದೇ ತೀರ್ಪನ್ನು ನೆಚ್ಚಿ ನೋಟಿಸನ್ನು ಮೂಲೆಗೆ ಎಸೆಯಬೇಡಿ.

ಈಗ ನೀವು ಮಾಡಬೇಕಾದದ್ದು ಒಂದು ಪತ್ರ ಬರೆಯುವುದು. ‘ಈ ಸಾಲದ ಹೊಣೆಯನ್ನು ಒಪ್ಪಿಕೊಳ್ಳದೆ, ವಿವರ ಮಾತ್ರ ಕೇಳುತ್ತಿದ್ದೇನೆ’ ಎಂದೇ ಶುರುಮಾಡಿ. ತಂದೆಯ ಮರಣ ಪ್ರಮಾಣಪತ್ರದ ನಕಲು ಲಗತ್ತಿಸಿ. ಸಾಲದ ಕರಾರುಪತ್ರ, ಅಡಮಾನ ಪತ್ರ, ಅದರಲ್ಲಿ ಸಹಾಯಧನ ಎಷ್ಟು ಸಾಲ ಎಷ್ಟು, ಯಾವ ದಿನ ಎಷ್ಟು ಜಮೆಯಾಗಿದೆ, ಬಡ್ಡಿ ಯಾವ ದರದಲ್ಲಿ ಹಾಕಿದ್ದೀರಿ ಎಂದು ಕೇಳಿ. ಗಂಗಾ ಕಲ್ಯಾಣದಲ್ಲಿ ಹೆಚ್ಚಿನ ಪಾಲು ಸಹಾಯಧನ. ಅದನ್ನೂ ಸೇರಿಸಿ ಮೊತ್ತ ಬರೆದಿದ್ದಾರೆಯೇ ಎಂದು ತಾಳೆ ನೋಡಿ. ಕಚೇರಿಯಲ್ಲಿ ಪತ್ರ ಕೊಟ್ಟು ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಕೊಡಲೇಬೇಕು.

ಇನ್ನೊಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ‘ಸದ್ಯಕ್ಕೆ ಸಾವಿರ ರೂಪಾಯಿ ಕಟ್ಟಿ, ಈ ಹಾಳೆಗೊಂದು ಸಹಿ ಹಾಕಿ’ ಎಂದರೆ ಹಾಕಬೇಡಿ. ಕಾಲಮಿತಿಯೊಳಗೆ ಬರೆದುಕೊಟ್ಟ ಒಪ್ಪಿಗೆಯಿಂದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಮಿತಿ ಮುಗಿದ ಮೇಲೂ ‘ತೀರಿಸುತ್ತೇನೆ’ ಎಂದು ಬರೆದು ಸಹಿ ಹಾಕಿದರೆ, ಕರಾರು ಕಾಯ್ದೆಯ 25(3)ನೇ ಕಲಮಿನಂತೆ ಅದೇ ಹೊಸ ಕರಾರಾಗಿಬಿಡುತ್ತದೆ. ಬಡವರ ಎಷ್ಟೋ ಸತ್ತ ಸಾಲಗಳಿಗೆ ಹೀಗೆ ಒಂದು ಸಹಿಯಿಂದಲೇ ಮರುಜೀವ ಬಂದಿದೆ.

ಬಾವಿ ಬತ್ತಿದ್ದು ಕಾನೂನಿನ ಕಣ್ಣಲ್ಲಿ ಸಾಲ ತಪ್ಪಿಸುವ ಕಾರಣವಲ್ಲ. ಬಡ್ಡಿ ಮನ್ನಾ ಅಥವಾ ಒಂದೇ ಸಲದ ತೀರುವಳಿಗೆ ಅರ್ಜಿ ಕೊಡುವಾಗ ಮಾತ್ರ ಅದನ್ನು ತಪ್ಪದೆ ಬರೆಯಿರಿ. ನೀರಿಲ್ಲದ ಬಾವಿಯ ಮೇಲೆ ಬಡ್ಡಿ ಬೆಳೆಯುವುದು ನ್ಯಾಯವಲ್ಲವೆಂದು ನಾನು ನಂಬಿದ್ದೇನೆ. ಅಧಿಕಾರಿಗಳಲ್ಲೂ ಹಾಗೆ ನಂಬುವವರಿದ್ದಾರೆ.

ಪ್ರಶ್ನೆ: ಪಂಚಾಯಿತಿಯಿಂದ ಸಿಕ್ಕ ಆಶ್ರಯ ಮನೆಗೆ ಹತ್ತು ಸಾವಿರ ಸಾಲವಿತ್ತು. ನಮ್ಮತ್ತೆ ಬಿಲ್ ಕಲೆಕ್ಟರ್ ಕೈಗೆ ಕಂತು ಕಟ್ಟುತ್ತಿದ್ದರು. ರಸೀದಿಗಳನ್ನು ಗೆದ್ದಲು ತಿಂದಿದೆ. ಮನ್ನಾ ಆಗಿದೆ ಎಂದು ಊರಲ್ಲಿ ಹೇಳುತ್ತಾರೆ, ಆದರೆ ಬಾಕಿ ಇದೆಯೆಂದು ಪತ್ರ ಬಂದಿದೆ.
– ಹಾಸನ ಜಿಲ್ಲೆಯ ಓದುಗರು

ಉತ್ತರ: ಊರಿನವರ ಮಾತು ಸುಳ್ಳಲ್ಲ, ತಾಯಿ. 2013ರ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ಸಿದ್ದರಾಮಯ್ಯನವರ ಸರ್ಕಾರ ಪರಿಶಿಷ್ಟರ, ಹಿಂದುಳಿದವರ, ಅಲ್ಪಸಂಖ್ಯಾತರ ನಿಗಮಗಳ ಸಾಲವನ್ನೂ ವಸತಿ ಯೋಜನೆಗಳ ಸಾಲವನ್ನೂ ಮನ್ನಾ ಮಾಡುವುದಾಗಿ ಘೋಷಿಸಿತು. ಘೋಷಣೆಯಾದರೆ ಸಾಲದು, ನಿಮ್ಮ ಅತ್ತೆಯ ಖಾತೆಯಲ್ಲಿ ಅದು ಇಳಿದಿರಬೇಕು. ಪಂಚಾಯಿತಿಗೆ ಬರೆದು, ಮನ್ನಾ ಆದವರ ಪಟ್ಟಿಯಲ್ಲಿ ಅತ್ತೆಯ ಹೆಸರು ಇದೆಯೇ, ಇಲ್ಲದಿದ್ದರೆ ಕಾರಣವೇನು ಎಂದು ಕೇಳಿ.

ಕಂತು ಕಟ್ಟಿದ್ದೇವೆಂದು ತೋರಿಸುವ ಹೊರೆ ಕಟ್ಟಿದವರದೇ. ರಸೀದಿ ಹೋದರೂ ಬಿಲ್ ಕಲೆಕ್ಟರ್ ಬರೆದ ರಸೀದಿಯ ಇನ್ನೊಂದು ಪ್ರತಿ, ಪಂಚಾಯಿತಿಯ ಜಮಾ ಪುಸ್ತಕ ಕಚೇರಿಯಲ್ಲಿರಬೇಕು. ಆ ವರ್ಷಗಳ ಪುಟಗಳ ನಕಲು ಕೇಳಿ. ಸಾಲ ತೀರಿದೆಯೆಂದು ಗೊತ್ತಾದರೆ ಬಾಯಿಮಾತಿಗೆ ಸಮಾಧಾನಪಟ್ಟುಕೊಂಡು ಬರಬೇಡಿ. ಬೇಬಾಕಿ ಪತ್ರ ಪಡೆದು, ಅಡಕ್ಕೆ ಕೊಟ್ಟ ಹಕ್ಕುಪತ್ರವಿದ್ದರೆ ವಾಪಸು ತನ್ನಿ. ಈ ಕಾಗದಗಳನ್ನು ಸ್ಟೀಲ್ ಡಬ್ಬಿಯಲ್ಲಿಡಿ.

ಪ್ರಶ್ನೆ: 2009ರಲ್ಲಿ ಪಕ್ಕದ ಮನೆಯ ಹುಡುಗನ ಆಟೊ ಸಾಲಕ್ಕೆ ಜಾಮೀನು ಹಾಕಿದ್ದೆ. ಅವನು ಊರು ಬಿಟ್ಟಿದ್ದಾನೆ. ನನ್ನ ಸಂಬಳದಲ್ಲಿ ಮುರಿದುಕೊಳ್ಳುತ್ತೇವೆಂದು ಪತ್ರ ಬಂದಿದೆ. ತಿಂದವನನ್ನು ಬಿಟ್ಟು ನನ್ನನ್ನು ಹಿಡಿಯಬಹುದೇ?
– ದಾವಣಗೆರೆಯ ಸರ್ಕಾರಿ ನೌಕರರು

ಉತ್ತರ: ಹಿಡಿಯಬಹುದು. ನಿಮಗೆ ಕಹಿಯೆನಿಸಿದರೂ ಮುಚ್ಚಿಡಲಾರೆ. ಕರಾರು ಕಾಯ್ದೆಯ 128ನೇ ಕಲಮಿನಲ್ಲಿ ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಇದೆ. ಮೊದಲು ನೀವು ಸಹಿ ಹಾಕಿದ ಜಾಮೀನುಪತ್ರದ ನಕಲು ತರಿಸಿ. ಜಾಮೀನುದಾರನ ಮೇಲಿನ ಕಾಲಮಿತಿ ಆ ಪತ್ರದ ಮಾತುಗಳನ್ನೇ ಅವಲಂಬಿಸುತ್ತದೆ, ‘ಕೇಳಿದಾಗ ಕೊಡುತ್ತೇನೆ’ ಎಂದಿದ್ದರೆ ಕೇಳಿದ ದಿನದಿಂದ ಲೆಕ್ಕ ಎಂದು ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸಾಲ ಕೊಟ್ಟವರು ನಿಮ್ಮನ್ನು ಕೇಳುವ ಹೊತ್ತಿಗೆ ಮೂಲ ಸಾಲವೇ ಕಾಲಮಿತಿ ಮೀರಿ ಸತ್ತಿರಬಾರದು. ನಿಮ್ಮ ವಾದ ನಿಲ್ಲಬೇಕಾದದ್ದು ಅಲ್ಲಿ.

ಸಂಬಳ ಮುರಿಯಲು ನೀವು ಮೊದಲೇ ಒಪ್ಪಿಗೆ ಬರೆದುಕೊಟ್ಟಿದ್ದಿರಾ ನೋಡಿ. ಕಟ್ಟಲೇಬೇಕಾಗಿ ಬಂದರೆ ಪ್ರತಿ ರೂಪಾಯಿಗೂ ರಸೀದಿ ಇಟ್ಟುಕೊಳ್ಳಿ. ಆ ಹುಡುಗನಿಂದ ಅಷ್ಟನ್ನೂ ವಸೂಲು ಮಾಡುವ ಹಕ್ಕು ನಿಮಗಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಲೋಕ ಅದಾಲತ್‌ನಲ್ಲಿ ರಾಜಿಗೆ ಯತ್ನಿಸಿ. ಅಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ, ಆದ್ದರಿಂದ ಮೊತ್ತ ಒಪ್ಪುವ ಮುನ್ನ ಎರಡು ಸಲ ಲೆಕ್ಕ ಹಾಕಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ಈ ಸಮಿತಿಗಳಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಪ್ರಶ್ನೆ: ಹಳೆಯ ಸಾಲಕ್ಕೆ ಸಂಜೆಯೊಳಗೆ ಮೂರು ಸಾವಿರ ಫೋನ್‌ಪೇ ಮಾಡದಿದ್ದರೆ ಗೃಹಲಕ್ಷ್ಮಿ ಹಣ ನಿಲ್ಲಿಸುತ್ತೇವೆಂದು ಯಾರೋ ಫೋನ್ ಮಾಡಿದ್ದರು.
– ಮಂಡ್ಯದ ಓದುಗರು

ಉತ್ತರ: ಕಳಿಸಬೇಡಿ, ತಾಯಿ. ಯಾರೋ ಒಬ್ಬರ ಮೊಬೈಲ್ ನಂಬರಿಗೆ ಕಳಿಸಿದ ದುಡ್ಡು ನಿಮ್ಮ ಸಾಲದ ಖಾತೆಗೆ ಜಮೆಯಾಗುವುದಿಲ್ಲ. ಆ ನಂಬರು ಬರೆದಿಟ್ಟುಕೊಂಡು, ನಿಜವಾಗಿ ಸಾಲವಿದೆಯೇ ಎಂದು ನಿಗಮದ ಜಿಲ್ಲಾ ಕಚೇರಿಗೇ ಹೋಗಿ ಕೇಳಿ. ಆಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ದೂರು ಕೊಡಿ.