ಬಲೂನು ಮೇಲೇರುತ್ತಿಲ್ಲವೇ?

ಪ್ರಶ್ನೆ: ವಿಜ್ಞಾನ ಸ್ಪರ್ಧೆಗೆ ಸರಣಿ ಕ್ರಿಯೆಯ ಮಾದರಿ ಮಾಡುತ್ತಿದ್ದೇನೆ ಸರ್. ಅಡುಗೆ ಸೋಡಾ, ವಿನೆಗರ್‌ನಿಂದ ಉಬ್ಬಿದ ಬಲೂನು ಮೇಲೇರುವುದೇ ಇಲ್ಲ. ಏನು ಮಾಡಲಿ?
– ಒಂಬತ್ತನೇ ತರಗತಿ ವಿದ್ಯಾರ್ಥಿನಿ

ಉತ್ತರ: ಪುಟ್ಟಿ, ನಿನ್ನ ಬಲೂನಿನೊಳಗಿರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದು ತೇಲಲಾರದು, ಆದರೆ ಉಬ್ಬಿ ಚೆನ್ನಾಗಿ ನೂಕಬಲ್ಲದು. ಒಂದು ಅಂಚಿಗೆ ಕೀಲು ಹಾಕಿದ ಗಟ್ಟಿ ರಟ್ಟಿನ ಕೆಳಗೆ ಬಲೂನನ್ನು ಇಡು. ಬಲೂನು ಉಬ್ಬಿ ರಟ್ಟು ಓರೆಯಾದಾಗ ಅದರ ಮೇಲಿಟ್ಟ ಗೋಲಿ ಉರುಳಿ ಮುಂದಿನ ಹಂತಕ್ಕೆ ಚಾಲನೆ ಕೊಡಲಿ. ಶೇ 5 ಆಮ್ಲವಿರುವ 100 ಮಿ.ಲೀ. ವಿನೆಗರ್‌ಗೆ 7 ಗ್ರಾಂ ಸೋಡಾ ಸಾಕು. ಸುಮಾರು 2 ಲೀಟರ್ ಅನಿಲ ಸಿಗುತ್ತದೆ. ಹೊಸ ಬಲೂನು ಬಿಗಿಯಾಗಿರುತ್ತದೆ, ಮೊದಲೇ ಊದಿ ಸಡಿಲಿಸು. ಸೋಡಾ, ವಿನೆಗರ್ ಬೆರೆಸುವ ಬಾಟಲಿಗೆ ಎಂದೂ ಬಿಗಿ ಮುಚ್ಚಳ ಹಾಕಬೇಡ, ಕಣ್ಣಿಗೆ ಕನ್ನಡಕವಿರಲಿ. ಪ್ರತಿ ಹಂತವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದ ಮೇಲೆಯೇ ಎಲ್ಲವನ್ನೂ ಜೋಡಿಸು.